ನಾನು ತಿನ್ನದ ಓಲೆಬೆಲ್ಲ

ಆಗೆಲ್ಲ ನಮ್ಮ ಕಡೆ ಮನೆ ಕೊಳ್ಳುವವರು ಮೊದಲು ನೋಡುತ್ತಿದ್ದದ್ದು ಆ ಮನೆಯನ್ನಲ್ಲ, ಅದರ ಪಕ್ಕದ ಮನೆಯನ್ನು. ಗೋಡೆ ಬಿದ್ದರೆ ಕಟ್ಟಿಸಬಹುದು, ಬಾವಿ ಬತ್ತಿದರೆ ಇನ್ನೆರಡು ಕೋಲು ಆಳ ತೆಗೆಸಬಹುದು, ನೆರೆಮನೆಯವರನ್ನು ರಿಪೇರಿ ಮಾಡುವ ಮೇಸ್ತ್ರಿ ಎಲ್ಲಿದ್ದಾನೆ ಎಂದು ನನ್ನ ಅಪ್ಪ ಕೇಳುತ್ತಿದ್ದರು. ನೆರೆಯವರನ್ನು ಪರೀಕ್ಷಿಸಲು ಅವರದೇ ಒಂದು ಕ್ರಮವಿತ್ತು. ಯಾವ ಮನೆ ನೋಡಲು ಹೋದರೂ ಅವರು ಮೊದಲು ಪಕ್ಕದ ಮನೆಗೆ ನನ್ನನ್ನು ಕಳಿಸುತ್ತಿದ್ದರು.

“ಹೋಗಿ ನೀರು ಕೇಳಿ ಬಾ. ಬಾಯಾರಿದೆ ಅಂತ ಹೇಳು, ಬೇರೆ ಎಂತದೂ ಹೇಳಬೇಡ.”

ಅಂಗಳಕ್ಕೆ ಯಾರೇ ಬರಲಿ, ಪರಿಚಯ ಇರಲಿ, ಇಲ್ಲದಿರಲಿ, ಮೊದಲು ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ. ಮಾತು ಆಮೇಲೆ. ನಮ್ಮೂರಿನ ಈ ಪದ್ಧತಿ ಎಲ್ಲರಿಗೂ ಗೊತ್ತು. ಅಪ್ಪ ಅದನ್ನು ಪರೀಕ್ಷೆಯ ಪೇಪರ್ ಮಾಡಿಕೊಂಡಿದ್ದರು. ನೀರು ಮಾತ್ರ ಕೊಟ್ಟರೆ ಪಾಸು. ಬೆಲ್ಲವೂ ಬಂದರೆ ಫಸ್ಟ್ ಕ್ಲಾಸ್. ಏನೂ ಕೊಡದಿದ್ದರೆ ಆ ಮನೆ ಅರಮನೆಯೇ ಆಗಿರಲಿ, ನಾವು ಬಂದ ಬಸ್ಸಿಗೇ ವಾಪಸು.

ಬಸ್ಸು ಎಂದೆ. ಅಪ್ಪ ಒಂದು ಖಾಸಗಿ ಬಸ್ ಕಂಪನಿಯ ಟೈಮ್‌ಕೀಪರ್. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಕೈಯಲ್ಲಿ ಪುಸ್ತಕ, ಕಿವಿಯ ಹಿಂದೆ ಪೆನ್ಸಿಲು, ಎಡಗೈಯಲ್ಲಿ ವಾಚು. ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ನಿಮಿಷ ನಿಂತಿತು, ಎಷ್ಟು ಗಂಟೆಗೆ ಹೊರಟಿತು ಎಂದು ಬರೆಯುವುದು ಅವರ ಕೆಲಸ. ಆ ಕೆಲಸ ಅವರ ಜೊತೆ ಮನೆಗೂ ಬರುತ್ತಿತ್ತು. ಬಾಗಿಲ ಹಿಂದೆ ಒಂದು ವೇಳಾಪಟ್ಟಿ ಅಂಟಿಸಿತ್ತು. ಐದು ಹತ್ತಕ್ಕೆ ಏಳುವುದು, ಐದೂವರೆಗೆ ಸ್ನಾನದ ಒಲೆಗೆ ಬೆಂಕಿ, ಆರೂ ಹತ್ತಕ್ಕೆ ಪುಸ್ತಕ. ದೋಸೆ ತಡವಾದರೆ ಅಪ್ಪ ಬೈಯುತ್ತಿರಲಿಲ್ಲ, “ನಾಲ್ಕು ನಿಮಿಷ” ಎಂದು ಮಾತ್ರ ಹೇಳುತ್ತಿದ್ದರು. ಬೈಗುಳವೇ ವಾಸಿ ಎಂದು ಅಮ್ಮ ಗೊಣಗುತ್ತಿದ್ದರು. ನಾನು ಆ ಪಟ್ಟಿಯೊಳಗೇ ಬೆಳೆದವಳು. ಟೀಚರ್ ಆಗಿ ನಿವೃತ್ತಿಯಾಗಿ ವರ್ಷಗಳಾದವು. ಇಂದಿಗೂ ಐದು ಹತ್ತಕ್ಕೆ ಏಳುತ್ತೇನೆ.

ನನಗೆ ಹನ್ನೊಂದು ತುಂಬಿದ್ದ ಆ ಬೇಸಿಗೆಯಲ್ಲಿ ಪಟ್ಟಿಯಲ್ಲಿಲ್ಲದ ಒಂದು ಸಂಗತಿ ನಡೆಯಿತು. ಮೂಡುಬಿದಿರೆಯ ನಮ್ಮ ಬಾಡಿಗೆ ಮನೆಯ ಯಜಮಾನರು ಬಂದು, ಮಗನಿಗೆ ಮದುವೆ, ಮನೆ ಬೇಕು, ಮಳೆ ಹಿಡಿಯುವ ಮೊದಲು ಬಿಟ್ಟುಕೊಡಿ ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಹಾಗಾಗಿ ಜಗಳ ಮಾಡಲಿಕ್ಕೂ ಇರಲಿಲ್ಲ.

ಇನ್ನು ಬಾಡಿಗೆ ಸಾಕು, ಸ್ವಂತದ್ದೊಂದು ಹಳೆಯ ಮನೆ ತೆಗೆದುಕೊಂಡು ರಿಪೇರಿ ಮಾಡಿಸುವುದು ಎಂದು ಅಪ್ಪ ತೀರ್ಮಾನಿಸಿದರು. ಸಿಗದಿದ್ದರೆ ಏನು ಮಾಡುವುದು ಎಂಬುದನ್ನೂ ಅವರು ಬರೆದಿಟ್ಟಿದ್ದರು. ಅದು ನನ್ನ ಕಣ್ಣಿಗೆ ಬಿದ್ದದ್ದು ಅವರ ಡ್ಯೂಟಿ ಪುಸ್ತಕದ ಹಿಂದಿನ ಹಾಳೆಯಲ್ಲಿ, ಬಸ್ಸಿನ ನಂಬರುಗಳ ಕೆಳಗೆ: ನಾನು, ಸ್ಟ್ಯಾಂಡಿನ ಹಿಂದಿನ ರೂಮು. ಅವಳು, ತವರು. ಬೇಬಿ, ಮುಂಡಾಜೆ.

ಬೇಬಿ ಎಂದರೆ ನಾನು. ಮುಂಡಾಜೆ ಎಂದರೆ ಸೋದರತ್ತೆಯ ಮನೆ. ಅತ್ತೆ ಕೆಟ್ಟವರಲ್ಲ. ಆದರೆ ಅವರ ಮನೆಯಲ್ಲಿ ಊಟಕ್ಕೆ ಕುಳಿತರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಜೂನ್ ತಿಂಗಳಲ್ಲಿ ಅಲ್ಲಿಯ ಶಾಲೆಗೆ ಸೇರಿದರೆ ಮತ್ತೆ ಯಾವಾಗ ವಾಪಸು ಎಂಬುದನ್ನು ಅಪ್ಪ ಬರೆದಿರಲಿಲ್ಲ. ಹೊರಡುವ ಸಮಯ ಬರೆದು ತಲುಪುವ ಸಮಯ ಬರೆಯದೆ ಬಿಟ್ಟದ್ದನ್ನು ಅಪ್ಪನ ಪುಸ್ತಕದಲ್ಲಿ ನಾನು ಕಂಡದ್ದು ಅದೊಂದೇ ಸಲ.

ಮೊದಲ ಮನೆ ನೋಡಿದ್ದು ಪುತ್ತಿಗೆಯಲ್ಲಿ. ಪಕ್ಕದ ಮನೆಯ ಅಜ್ಜಿ ನೀರು, ಬೆಲ್ಲ ಎರಡೂ ಕೊಟ್ಟು, ಕೆನ್ನೆ ತಟ್ಟಿ, “ಈ ಮನೆಗೆ ಬರುವವರಾದರೆ ಕೊಡ ಎರಡು ಜಾಸ್ತಿ ತನ್ನಿ ಮಗಾ. ಶಿವರಾತ್ರಿ ಕಳೆದರೆ ಅವರ ಬಾವಿಯಲ್ಲಿ ಕಪ್ಪೆಗೂ ನೀರಿಲ್ಲ” ಎಂದರು. ಅಪ್ಪ ಬಾವಿಗೆ ಕಲ್ಲು ಹಾಕಿ ನೋಡಿದರು. ಟಣ್ ಎಂದಿತು.

ಎರಡನೆಯದು ಬಂಟ್ವಾಳ ಪೇಟೆಯ ಹೊಳೆಬದಿಯಲ್ಲಿ. ಚಂದದ ಮನೆ, ಮರದ ಮೆಟ್ಟಿಲು, ಅಟ್ಟದಲ್ಲಿ ಒಂದು ಕಿಟಕಿ. ಆ ಕಿಟಕಿ ನನ್ನದು ಎಂದು ಮೆಟ್ಟಿಲು ಇಳಿಯುವಷ್ಟರಲ್ಲಿ ನಾನು ನಿರ್ಧರಿಸಿಯಾಗಿತ್ತು. ಪಕ್ಕದ ಮನೆಯ ಯಜಮಾನರು ಬೆಲ್ಲದ ಜೊತೆ ಬಾಳೆಹಣ್ಣನ್ನೂ ಕೊಟ್ಟು, ತಮ್ಮ ಗೋಡೆಯ ಮೇಲೊಂದು ಗೆರೆ ತೋರಿಸಿದರು. ಅದು ನನ್ನ ತಲೆಗಿಂತ ಎರಡು ಗೇಣು ಮೇಲಿತ್ತು.

“ದೊಡ್ಡ ನೆರೆಗೆ ನೇತ್ರಾವತಿ ಇಲ್ಲಿವರೆಗೆ ಬಂದದ್ದು” ಎಂದರು, ಮನೆಗೆ ದೊಡ್ಡ ಮನುಷ್ಯರೊಬ್ಬರು ಬಂದು ಹೋದ ಹಾಗೆ. ನಾನು ಬಾಳೆಹಣ್ಣು ತಿನ್ನುತ್ತಾ ಬಂದು ಅದನ್ನು ಅಪ್ಪನಿಗೆ ವರದಿ ಒಪ್ಪಿಸಿದೆ. ಆಮೇಲೆ ನನ್ನ ಬಾಯನ್ನೇ ಶಪಿಸಿಕೊಂಡೆ. ಹೇಳದೇ ಇದ್ದಿದ್ದರೆ ಕಿಟಕಿ ಸಿಗುತ್ತಿತ್ತಲ್ಲ! ನಿಜ ಹೇಳಿದರೆ ಮನೆ ತಪ್ಪುತ್ತದೆ ಎಂದು ಮನಸ್ಸಿನಲ್ಲಿ ಬಿದ್ದದ್ದು ಅಲ್ಲಿಯೇ.

ಮೂರನೆಯ ಮನೆ ಪುಂಜಾಲಕಟ್ಟೆಯಲ್ಲಿ, ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯಿಂದ ಐದು ನಿಮಿಷ ಒಳಗೆ. ಅಪ್ಪನಿಗೆ ಆ ಜಂಕ್ಷನ್ನಿನಲ್ಲೇ ಡ್ಯೂಟಿ ಕೊಡಲು ಕಂಪನಿ ಒಪ್ಪಿತ್ತು. ಮನೆ ಹಲವು ವರ್ಷ ಖಾಲಿ ಬಿದ್ದಿತ್ತು. ಮಾಡಿನ ಪಕ್ಕಾಸುಗಳಿಗೆ, ಎಂದರೆ ಛಾವಣಿಯ ಮರದ ತೊಲೆಗಳಿಗೆ, ಗೆದ್ದಲು ಹಿಡಿದಿತ್ತು. ಹಂಚುಗಳ ಮೇಲೆ ಪಾಚಿ, ಒಳಗೆ ಬಾವಲಿಯ ವಾಸನೆ. ಆದರೆ ಮುರಕಲ್ಲಿನ ಗೋಡೆ ಗಟ್ಟಿ, ಬಾವಿಯಲ್ಲಿ ಏಪ್ರಿಲ್‌ನಲ್ಲೂ ನೀರು. ವಿಚಿತ್ರವೆಂದರೆ ಮನೆಯ ಮುಂದಿನ ಉದ್ದದ ಜಗಲಿ ಮಾತ್ರ ಗುಡಿಸಿ ಇಟ್ಟ ಹಾಗೆ ಚೊಕ್ಕವಾಗಿತ್ತು. ಮೂಲೆಯಲ್ಲಿ ಕತ್ತರಿಸಿದ ಎಲೆಯ ಚೂರು ನಾಲ್ಕು, ಗುಲಾಬಿ ನೂಲಿನ ತುಂಡು ಒಂದು.

“ನೋಡಿದಿಯಾ?” ಅಪ್ಪ ಅಮ್ಮನಿಗೆ ಹೇಳಿದರು. “ಖಾಲಿ ಮನೆಯ ಜಗಲಿಯನ್ನೂ ಗುಡಿಸಿ ಇಡುವ ನೆರೆಯವರು! ಬೇಬಿ, ಹೋಗು, ನೀರು.”

ಪಕ್ಕದ ಮನೆ ಚಿಕ್ಕದು. ಮುಂದೆ ತಗಡಿನ ಚಪ್ಪರ. ಅದರ ಕೆಳಗೆ ಐದಾರು ಹೆಂಗಸರು ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಹೊಗೆಸೊಪ್ಪಿನ ಹುಡಿಯ ಘಾಟಿಗೆ ನನಗೆ ಎರಡು ಸೀನು ಬಂತು. ನಡುವೆ ಕುಳಿತಿದ್ದ ಎತ್ತರದ ಹೆಂಗಸು ಕೈ ನಿಲ್ಲಿಸದೆ ತಲೆ ಎತ್ತಿದರು. ಗಿರಿಜಕ್ಕ. ಹೆಸರು ನನಗೆ ಆಮೇಲೆ ತಿಳಿದದ್ದು.

“ಬಾಯಾರಿದೆ. ಸ್ವಲ್ಪ ನೀರು ಬೇಕಿತ್ತು” ಎಂದೆ.

“ಯಾರ ಪೈಕಿ ನೀನು? ಆ ಮನೆ ನೋಡ್ಲಿಕ್ಕೆ ಬಂದವರಾ?”

ಬೇರೆ ಏನೂ ಹೇಳಬಾರದೆಂದು ಅಪ್ಪ ಹೇಳಿದ್ದರು.

“ಮನೆ ನೋಡ್ಲಿಕ್ಕೇ ಬಂದದ್ದು” ಎಂದಳು ಕುಸುಮ ಎಂಬ ಸಣ್ಣ ಪ್ರಾಯದವಳು. “ಅಪ್ಪ ಅಲ್ಲಿ ವಾಚು ನೋಡ್ತಾ ನಿಂತಿದ್ದಾರೆ, ಬಸ್ಸು ಆ ಮನೆಯೊಳಗಿಂದ ಬರುವ ಹಾಗೆ.”

ಎಲ್ಲರೂ ನಕ್ಕರು. ಗಿರಿಜಕ್ಕ ನಗಲಿಲ್ಲ. “ನೀರಿಲ್ಲ. ಕೊಡಪಾನದ ಹಗ್ಗ ಹರಿದಿದೆ. ಹೋಗು.”

ಅವರ ಬೆನ್ನ ಹಿಂದೆ, ಹೊಸ್ತಿಲ ಬಳಿ, ತುಂಬಿದ ಮಣ್ಣಿನ ಮಡಕೆ ಇತ್ತು. ಹೊರಮೈ ಬೆವರಿತ್ತು. ಮೇಲೊಂದು ಹಿತ್ತಾಳೆ ಲೋಟ ಕವುಚಿ ಇಟ್ಟಿತ್ತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

ವಾಪಸು ಬರುವ ದಾರಿ ನಲವತ್ತು ಹೆಜ್ಜೆ. ಎಣಿಸಿದ್ದೆ. ಮೊದಲ ಇಪ್ಪತ್ತು ಹೆಜ್ಜೆಯಲ್ಲಿ ಅಳು ಬಂತು. ಉಳಿದ ಇಪ್ಪತ್ತರಲ್ಲಿ ಮುಂಡಾಜೆ ಕಂಡಿತು.

“ಆರು ನಿಮಿಷ” ಎಂದರು ಅಪ್ಪ. “ಎಂತ ಕೊಟ್ಟರು?”

“ನೀರು. ಬೆಲ್ಲ.”

“ಎಂಥ ಬೆಲ್ಲ? ಅಂಗಡಿದಾ?”

ಅಪ್ಪ ಇಷ್ಟು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ನನ್ನ ಬಾಯಿಯಿಂದ “ಓಲೆಬೆಲ್ಲ” ಎಂದು ಬಂದುಬಿಟ್ಟಿತು. ಓಲೆಬೆಲ್ಲ ಎಂದರೆ ತಾಳೆಮರದ ಕಳ್ಳು ಕಾಯಿಸಿ ಮಾಡಿ, ಒಣ ಓಲೆಯಲ್ಲಿ ಕಟ್ಟಿಟ್ಟ ಕಪ್ಪು ಬೆಲ್ಲ. ನಾಲಗೆಯ ಮೇಲಿಟ್ಟರೆ ಹೊಗೆಯ ಪರಿಮಳ ಬಿಟ್ಟು ಕರಗುವಂಥದ್ದು. ಅದನ್ನು ಮನೆಯವರು ಬಾಣಂತಿಗೆ, ಅಳಿಯಂದಿರಿಗೆ ಎಂದು ತೆಗೆದಿಡುತ್ತಿದ್ದರು. ದಾರಿಹೋಕ ಹುಡುಗಿಗೆ ಕೊಡುವುದೆಂದರೆ!

ಅಪ್ಪನ ಮುಖ ಅರಳಿತು. ಕಿವಿಯ ಹಿಂದಿನ ಪೆನ್ಸಿಲು ತೆಗೆದು ಪುಸ್ತಕದಲ್ಲಿ ಏನೋ ಬರೆದರು. “ನೋಡು” ಎಂದರು ಅಮ್ಮನಿಗೆ, “ಹಂಚು, ಪಕ್ಕಾಸು ನಾವು ಹಾಕಿಸುವ. ಇಂಥ ಜನ ಹಾಕಿಸಲಿಕ್ಕೆ ಆಗ್ತದಾ?”

ಹದಿನೈದು ದಿನದಲ್ಲಿ ಮನೆ ನಮ್ಮದಾಯಿತು.

ಕೀಲಿಕೈ ಸಿಕ್ಕಿದ ದಿನವೇ ಅಪ್ಪ ಒಗೆದ ಅಂಗಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಪಕ್ಕದ ಮನೆಗೆ ಹೊರಟರು. ನನಗೆ ಹೊಟ್ಟೆನೋವು ಎಂದೆ. ಎರಡು ನಿಮಿಷದ ಕೆಲಸ ಎಂದರು. ತಗಡಿನ ಚಪ್ಪರದ ಕೆಳಗೆ ಅದೇ ಹೆಂಗಸರು, ಅದೇ ಗೆರಸೆಗಳು.

“ನಮಸ್ಕಾರ. ನಾನು ಟೈಮ್‌ಕೀಪರ್ ರಾಮಣ್ಣ. ಇನ್ನು ನಾವು ನಿಮ್ಮ ನೆರೆಯವರು” ಎಂದರು ಅಪ್ಪ. “ಒಂದು ಮಾತು ಹೇಳಿಹೋಗುವ ಅಂತ ಬಂದೆ. ಅಂದು ನೀವು ನನ್ನ ಮಗಳಿಗೆ ಓಲೆಬೆಲ್ಲ ಕೊಟ್ಟಿರಲ್ಲ, ಅದೇ ಕಾರಣಕ್ಕೆ ನಾನು ಈ ಮನೆ ತೆಗೊಂಡದ್ದು.”

ಕತ್ತರಿಗಳ ಸದ್ದು ನಿಂತಿತು. ಗಿರಿಜಕ್ಕ ಮೊದಲು ಅಪ್ಪನನ್ನು, ಆಮೇಲೆ ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ. ಅಪ್ಪನ ವಾಚಿನ ಟಿಕ್ ಟಿಕ್ ನನಗೆ ಕೇಳುತ್ತಿತ್ತು.

“ಓಲೆಬೆಲ್ಲವಾ?” ಎಂದರು.

“ಹೌದಲ್ಲ, ಅವಳೇ ಹೇಳಿದ್ದು.”

“ಹಾಗಾ. ಅವಳೇ ಹೇಳಿದಳಾ.” ಗಿರಿಜಕ್ಕ ಗೆರಸೆಯಿಂದ ಒಂದು ಎಲೆ ಎತ್ತಿಕೊಂಡು ನಿಧಾನವಾಗಿ ಕತ್ತರಿಸಿದರು. “ಆಯ್ತು ಅಣ್ಣ. ಬನ್ನಿ, ಇರಿ.”

ಅಷ್ಟೇ. ಕುಸುಮ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ಅವಳ ನಗು ಗೋಡೆಯಾಚೆಯಿಂದ ಕೇಳುತ್ತಿತ್ತು. ಅಪ್ಪ ಸಂಕೋಚದ ಜನ ಎಂದುಕೊಂಡರು.

ಆ ಬೇಸಿಗೆ ರಜೆಯಲ್ಲಿ ಬೇರೆ ಮಕ್ಕಳು ಗೇರುಬೀಜ ಸುಟ್ಟರು, ಮಾವಿನಕಾಯಿಗೆ ಉಪ್ಪು ಹಚ್ಚಿದರು, ಕುಂಟೆಬಿಲ್ಲೆ ಆಡಿದರು. ನಾನು ಹೆದರಿದೆ. ಅಷ್ಟೇ ಮಾಡಿದ್ದು. ದಿನವೂ ಬೆಳಿಗ್ಗೆ ಏಳೂ ಇಪ್ಪತ್ತರ ಬಸ್ಸಿಗೆ ಅಮ್ಮನೂ ನಾನೂ ಮೂಡುಬಿದಿರೆಯಿಂದ ಹೊರಟು, ಬಂಟ್ವಾಳದಲ್ಲಿ ಬಸ್ಸು ಬದಲಿಸಿ, ಕೆಲಸ ನೋಡಿಕೊಳ್ಳಲು ಪುಂಜಾಲಕಟ್ಟೆಗೆ ಬರುತ್ತಿದ್ದೆವು. ಬಾಬು ಮೇಸ್ತ್ರಿಯ ಜನ ಗೆದ್ದಲು ತಿಂದ ಪಕ್ಕಾಸು ಕಳಚಿ ಕೆಳಗೆ ಹಾಕುತ್ತಿದ್ದರು. ಸುಣ್ಣದ ವಾಸನೆ, ಹೊಸ ಮರದ ವಾಸನೆ, ನೆಲಕ್ಕೆ ಹಾಕುವ ಕಾವಿಯ ಹುಡಿ. ಬೇಲಿಯ ಆಚೆಯಿಂದ ಗಿರಿಜಕ್ಕನ ಸ್ವರ ದಿನಕ್ಕೊಮ್ಮೆ ಬರುತ್ತಿತ್ತು.

“ಎಂತ ಓಲೆಬೆಲ್ಲ, ಇವತ್ತು ಲೇಟಾ?”

ಆ ಹೆಸರೇ ನನಗೆ ನಿಂತಿತು. ಚಪ್ಪರದ ಹೆಂಗಸರೆಲ್ಲ ಹಾಗೆಯೇ ಕರೆದರು. ಮೇಸ್ತ್ರಿಯೂ ಕಲಿತ. “ಎಷ್ಟು ಪ್ರೀತಿ ನೋಡು ನಿನ್ನ ಮೇಲೆ” ಎಂದರು ಅಮ್ಮ. ನಾನು ಹೂಂ ಎಂದು ನೀರು ಸೇದಲು ಹೋದೆ. ಗಿರಿಜಕ್ಕ ಅಪ್ಪನಿಗೆ ಯಾವಾಗ ನಿಜ ಹೇಳುತ್ತಾರೋ, ಯಾರೆದುರು ಹೇಳುತ್ತಾರೋ. ಅಪ್ಪ ಸುಳ್ಳನ್ನು ತಮ್ಮ ಪುಸ್ತಕದಲ್ಲಿ ಹೇಗೆ ಬರೆಯುತ್ತಾರೆ ಎಂದು ಯೋಚಿಸುತ್ತಿದ್ದೆ. ಒಂದು ಬಸ್ಸಿನ ತಪ್ಪು ಸಮಯ ಹೇಳಿದ್ದಕ್ಕೆ ಒಬ್ಬ ಕಂಡಕ್ಟರನ ಜೊತೆ ಅವರು ಮೂರು ವರ್ಷ ಮಾತಾಡಿರಲಿಲ್ಲ.

ಗಿರಿಜಕ್ಕ ನೀರು ಕೊಡದ ಕಾರಣ ಗೊತ್ತಾದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಅಪ್ಪ ಊಟದ ಬಿಡುವಿನಲ್ಲಿ ಬಂದು, ಜಗಲಿಗೆ ಉದ್ದಕ್ಕೂ ಮರದ ದಳಿ ಹಾಕಿಸಬೇಕೆಂದು ಮೇಸ್ತ್ರಿಗೆ ಅಳತೆ ಕೊಟ್ಟರು. ಕಂಬದಿಂದ ಕಂಬಕ್ಕೆ ಕಂಬಿಗಳು, ನಡುವೆ ಚಿಲಕದ ಬಾಗಿಲು. ಬೇಲಿಯ ಬಳಿ ನಿಂತಿದ್ದ ಕುಸುಮ ಅದನ್ನು ಕೇಳಿದಳು. ಅವಳು ನಕ್ಕು ಓಡದೆ ನಿಂತದ್ದು ಅಂದೇ ಮೊದಲು.

ಅಪ್ಪ ಹೋದ ಮೇಲೆ ನಾನೇ ಕೇಳಿದೆ. “ಎಂತಾಯ್ತು?”

“ಎಂತ ಆಗುವುದು? ನಮ್ಮ ಕೂರುವ ಜಾಗ ಹೋಯ್ತು.” ಅವಳು ಜಗಲಿಯ ಕಡೆಗೆ ಗಲ್ಲ ಎತ್ತಿ ತೋರಿಸಿದಳು. “ಆರು ವರ್ಷ ನಾವು ಅಲ್ಲಿ ಕೂತು ಬೀಡಿ ಕಟ್ಟಿದ್ದು. ದಿನಾ ಗುಡಿಸ್ತಿದ್ದೆವು. ಮನೆ ನೋಡ್ಲಿಕ್ಕೆ ಯಾರಾದರೂ ಬಂದರೆ ಮಾತ್ರ ಎದ್ದು ಈಚೆ ಬರ್ತಿದ್ದೆವು. ಮಾಡಿನಡಿ ತಂಪು, ಗಾಳಿ ಬರ್ತಿತ್ತು. ಈ ತಗಡಿನಡಿ ಕೂತು ನೋಡು ಒಮ್ಮೆ, ಹಪ್ಪಳದ ಹಾಗೆ ಕಾಯ್ತೇವೆ. ಮನೆ ನೋಡ್ಲಿಕ್ಕೆ ಬಂದವರನ್ನೆಲ್ಲ ಗಿರಿಜಕ್ಕ ಓಡಿಸ್ತಿದ್ದರು. ನಾಲ್ಕು ಮನೆಯವರು ನೀರು ಸಿಗದೆ ಓಡಿದರು. ನೀನೊಬ್ಬಳು ಓಡಲಿಲ್ಲ ಮಾರಾಯ್ತಿ.”

ಆ ಎಲೆಯ ಚೂರು, ಆ ಗುಲಾಬಿ ನೂಲು ನನಗೆ ಆಗ ಅರ್ಥವಾಯಿತು. ಅದುವರೆಗೆ ನನಗೆ ಒಂದೇ ಹೆದರಿಕೆ ಇತ್ತು, ಸಿಕ್ಕಿಬೀಳುವುದರದ್ದು. ಅಂದಿನಿಂದ ಎರಡಾಯಿತು. ನನ್ನ ಒಂದು ಮಾತಿನಿಂದ ಆರು ಜನ ಬಿಸಿಲಿಗೆ ಬಿದ್ದಿದ್ದರು.

ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಂದಿಗೆ ತುಳುನಾಡಿನಲ್ಲಿ ದೈವಗಳ ನೇಮ, ಕೋಲ, ಬಯಲಾಟಗಳೆಲ್ಲ ಮುಗಿದು ಗೆಜ್ಜೆ ಬಿಚ್ಚುತ್ತಾರೆ. ಆಮೇಲೆ ಮಳೆಯ ಲೆಕ್ಕ. ಅಪ್ಪ ಹಂಚು ಹೊದಿಸುವ ಕೆಲಸವನ್ನು ಪತ್ತನಾಜೆಗೆ ಸರಿಯಾಗಿ ಎರಡು ದಿನ ಮೊದಲು ಇಟ್ಟಿದ್ದರು. ಬಸ್ಸಿನ ಲೆಕ್ಕದಲ್ಲಿ ಅದು ಸರಿ. ಆದರೆ ವರ್ಷದ ಕೊನೆಯ ನೇಮಗಳೆಲ್ಲ ಇರುವುದೇ ಆ ಎರಡು ದಿನಗಳಲ್ಲಿ ಎಂಬುದನ್ನು ಟೈಮ್‌ಕೀಪರರ ಪುಸ್ತಕ ಲೆಕ್ಕ ಹಿಡಿದಿರಲಿಲ್ಲ. ಅಂದು ಬೆಳಿಗ್ಗೆ ಬಾಬು ಮೇಸ್ತ್ರಿ ಬಂದದ್ದು ಒಬ್ಬನೇ ಆಳಿನ ಜೊತೆ. ಉಳಿದ ಎಂಟು ಮಂದಿ ಅವರವರ ಊರಿನ ದೈವದ ಚಾಕರಿಗೆ ಹೋಗಿದ್ದರು.

“ದೈವಕ್ಕೆ ಹೋಗ್ಬೇಡ ಅಂತ ನಾನು ಹೇಳುವುದಾ ಅಮ್ಮ?” ಎಂದ ಮೇಸ್ತ್ರಿ.

ಇಡೀ ಮಾಡು ಬಯಲಾಗಿತ್ತು. ಹೊಸ ಪಕ್ಕಾಸು, ಹಂಚು ಕೂರುವ ಹೊಸ ರೀಪು, ಮೇಲೆ ಆಕಾಶ. ತೊಳೆದ ಹಂಚುಗಳು ಅಂಗಳದಲ್ಲಿ ಸಾಲು ಸಾಲಾಗಿ ನಿಂತಿದ್ದವು. ಒಳಗೆ ಮೂರು ದಿನದ ಹಿಂದೆ ತಿಕ್ಕಿ ಹೊಳಪು ಕೊಟ್ಟ ಕಾವಿ ನೆಲ, ಬಾಗಿಲ ಬಳಿ ಮೂಡುಬಿದಿರೆಯಿಂದ ಬಂದಿಳಿದ ನಮ್ಮ ಎಲ್ಲ ಸಾಮಾನು. ಬಾಡಿಗೆ ಮನೆಯ ಕೀಲಿಕೈ ಹಿಂದಿನ ದಿನವೇ ಕೊಟ್ಟಾಗಿತ್ತು. ಮಧ್ಯಾಹ್ನ ಎರಡೂಕಾಲಿಗೆ ಪಡುವಣದಲ್ಲಿ ಮೋಡ ಎದ್ದಿತು. ಗಾಳಿ ನಿಂತಿತು. ಕೆಂಪಿರುವೆಗಳು ಮೊಟ್ಟೆ ಹೊತ್ತುಕೊಂಡು ಗೋಡೆ ಹತ್ತತೊಡಗಿದವು.

ಮೇಸ್ತ್ರಿ ರೀಪಿನ ಮೇಲಿಂದ ಕೂಗಿದ. “ಹತ್ತು ಕೈ ಬೇಕು ಅಮ್ಮ! ಕೆಳಗಿಂದ ಮೇಲೆ ದಾಟಿಸ್ಲಿಕ್ಕೆ ಜನ ಇದ್ದರೆ ಒಂದು ಗಂಟೆ. ಇಲ್ಲದಿದ್ದರೆ ನಾನು ದೇವರನ್ನೂ ಕರೆಯುವುದಿಲ್ಲ, ಇಳಿದು ಮನೆಗೆ ಹೋಗ್ತೇನೆ.”

ಅಪ್ಪ ಜಂಕ್ಷನ್ನಿನಲ್ಲಿ. ನಾಲ್ಕೂ ಹತ್ತರ ಬಸ್ಸು ಹೋಗುವವರೆಗೆ ಅಲ್ಲಿಂದ ಅಲುಗುವವರಲ್ಲ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕಡೆಗೆ ತಿರುಗಿದರು.

“ಓಡು, ಗಿರಿಜಕ್ಕನನ್ನು ಕರಿ. ಅಷ್ಟು ಓಲೆಬೆಲ್ಲ ಕೊಟ್ಟವರು ಬಾರದೆ ಇರ್ತಾರಾ?”

ಅದೇ ನಲವತ್ತು ಹೆಜ್ಜೆ. ಚಪ್ಪರದಡಿಯಲ್ಲಿ ಎಲ್ಲರೂ ಮೋಡ ನೋಡುತ್ತಾ ಎಲೆಗಳನ್ನು ಗೋಣಿಯಲ್ಲಿ ಸುತ್ತುತ್ತಿದ್ದರು.

“ಗಿರಿಜಕ್ಕ, ಹಂಚು ಮೇಲೆ ಕೊಡ್ಲಿಕ್ಕೆ ಜನ ಇಲ್ಲ. ಅಮ್ಮ ನಿಮ್ಮನ್ನು ಕರೀತಾರೆ.”

“ಯಾಕೆ? ನಾನು ಯಾರು ನಿಮಗೆ?”

ಗಿರಿಜಕ್ಕ ಗೋಣಿ ಕೆಳಗಿಟ್ಟರು.

“ಅಂದು ನಾನು ನಿನಗೆ ಎಂತ ಕೊಟ್ಟೆ? ಹೇಳು, ಇವರೆಲ್ಲ ಕೇಳ್ಲಿ.”

“ಎಂತದೂ ಇಲ್ಲ.”

“ನೀರಾದರೂ?”

“ಇಲ್ಲ.”

“ಮತ್ತೆ ಸುಳ್ಳು ಯಾಕೆ ಹೇಳಿದ್ದು?”

ಆಗ ಅಳು ಬಂತು. ಅಪ್ಪನ ಪುಸ್ತಕದ ಹಿಂದಿನ ಹಾಳೆಯನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವರಿಗೆ ಹೇಳಿದೆ. ಅಪ್ಪ ರೂಮಿಗೆ, ಅಮ್ಮ ತವರಿಗೆ, ನಾನು ಮುಂಡಾಜೆಗೆ. ಆಮೇಲೆ, ಕೇಳದಿದ್ದರೂ, “ಜಗಲಿಗೆ ದಳಿ ಹಾಕಬೇಡಿ ಅಂತ ಅಪ್ಪನಿಗೆ ಹೇಳ್ತೇನೆ” ಎಂದೆ.

“ನೀನಾ? ನಿನ್ನ ಮಾತು ನಂಬುವುದಾ ನಾವು?” ಎಂದರು ಗಿರಿಜಕ್ಕ. ಹೆಂಗಸರು ಆ ಮೋಡದ ಕೆಳಗೂ ನಕ್ಕರು.

ಗಿರಿಜಕ್ಕ ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಡಬ್ಬಿಯ ಮುಚ್ಚಳದ ಸದ್ದು ಕೇಳಿತು. ಹೊರಗೆ ಬಂದಾಗ ಒಂದು ಕೈಯಲ್ಲಿ ಹಿತ್ತಾಳೆ ಲೋಟ, ಇನ್ನೊಂದರಲ್ಲಿ ಹೆಬ್ಬೆರಳಿನಷ್ಟು ಬೆಲ್ಲ.

“ಓಲೆಬೆಲ್ಲ ನಮ್ಮ ಮನೆಯಲ್ಲಿ ಯಾವ ಕಾಲಕ್ಕೂ ಇಲ್ಲ. ಇದು ಅಂಗಡಿದು. ತಿನ್ನು.”

“ಮಳೆ ಬರ್ತದೆ ಗಿರಿಜಕ್ಕ...”

“ಮಳೆ ಕಾಯ್ಲಿ. ತಿನ್ನು ಮೊದಲು. ಕೊಟ್ಟಿದ್ದೇನೆ ಅಂತ ಊರಿಡೀ ಆಗಿದೆ. ನನ್ನ ಮಾನದ ಪ್ರಶ್ನೆ.”

ಬೆಲ್ಲದಲ್ಲಿ ಕಲ್ಲಿನ ಹರಳಿತ್ತು. ಬೀಡಿಯ ಘಾಟು ಇತ್ತು. ನಾನು ಅಗಿಯದೆ ನುಂಗಿ, ನೀರು ಕುಡಿದೆ. ಗಿರಿಜಕ್ಕ ಲೋಟ ಕಸಿದುಕೊಂಡು ಹಿಂದಕ್ಕೆ ತಿರುಗಿ, “ಎಂತ ನೋಡ್ತೀರಿ? ಗೆರಸೆ ಒಳಗಿಡಿ, ಬನ್ನಿ!” ಎಂದರು.

ಆರು ಹೆಂಗಸರು, ಅಮ್ಮ, ನಾನು, ಕೆಳಗೊಬ್ಬ ಆಳು, ಮೇಲೆ ಮೇಸ್ತ್ರಿ. ಬೀಡಿ ಕಟ್ಟುವ ಕೈಗಳ ವೇಗ ಅಂದು ನಾನು ಕಂಡೆ. ಹಂಚು ಅಂಗಳದಿಂದ ಹೊರಟರೆ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಏಣಿಯ ಮಧ್ಯದಲ್ಲಿ ನಿಂತಿದ್ದ ಗಿರಿಜಕ್ಕ ಪ್ರತಿ ಹಂಚಿಗೂ ಮೇಸ್ತ್ರಿಯನ್ನು ಬೈಯುತ್ತಿದ್ದರು. “ಹಿಡಿ, ಹಿಡಿ ಬಾಬು. ಮದುಮಗಳ ಕೈ ಹಿಡಿಯುವ ಹಾಗೆ ಮೆಲ್ಲ ಹಿಡೀಬೇಡ!” ನನ್ನ ಅಂಗೈ ಸುಲಿಯಿತು. ಎರಡು ಹಂಚು ನನ್ನ ಕೈಯಿಂದಲೇ ಜಾರಿ ಒಡೆದವು. ಯಾರೂ ಏನೂ ಹೇಳಲಿಲ್ಲ. ಮೊದಲ ಹನಿ ಬಿದ್ದಾಗ ಅಡುಗೆಮನೆಯ ಮೂಲೆ ಮಾತ್ರ ಉಳಿದಿತ್ತು. ಅದು ಉಳಿದೇ ಹೋಯಿತು. ಆ ಮೂಲೆಯಲ್ಲಿ ಕಾವಿ ನೆಲ ನೆನೆದು ಬಣ್ಣ ಬಿಟ್ಟಿತು. ಇಂದಿಗೂ ಅಲ್ಲಿ ಒಂದು ಮಾಸಲು ಕಲೆ ಇದೆ.

ಅಪ್ಪ ಕೊಡೆ ಹಿಡಿದು ಬಂದಾಗ ನಾಲ್ಕೂ ಇಪ್ಪತ್ತೆರಡು. ಜಗಲಿಯ ತುಂಬ ಒದ್ದೆ ಹೆಂಗಸರು ಕುಳಿತು ಅಮ್ಮ ಕೊಟ್ಟ ಬಿಸಿ ಕಾಫಿ ಕುಡಿಯುತ್ತಿದ್ದರು. ಅಪ್ಪ ಮಾಡು ನೋಡಿದರು, ಅವರನ್ನು ನೋಡಿದರು. ನಾನು ಎದ್ದು ನಿಂತೆ.

“ಅಪ್ಪ, ಒಂದು ಹೇಳ್ಲಿಕ್ಕೆ ಉಂಟು. ಜಗಲಿಗೆ ದಳಿ ಬೇಡ. ಇವರು ಇಲ್ಲಿ ಕೂತು ಬೀಡಿ ಕಟ್ಟುವುದು, ಆರು ವರ್ಷದಿಂದ. ಮತ್ತೆ, ಅಂದು ನಾನು ನೀರು ಕೇಳ್ಲಿಕ್ಕೆ ಹೋದಾಗ...”

“ಅಂದು ನಾನೇ ಹೇಳಬೇಕಿತ್ತು” ಎಂದು ಗಿರಿಜಕ್ಕ ನಡುವೆ ಬಾಯಿ ಹಾಕಿದರು. ಕಾಫಿ ಲೋಟದ ಅಂಚಿನ ಮೇಲಿಂದ ನನ್ನನ್ನೇ ನೋಡುತ್ತಿದ್ದರು. “ಬೆಲ್ಲ ಕೊಟ್ಟು ಕಳಿಸಿದೆ, ಜಗಲಿಯ ವಿಷಯ ಹೇಳಲಿಲ್ಲ. ತಪ್ಪು ನನ್ನದು ಅಣ್ಣ.”



ಅಪ್ಪ ಕೊಡೆ ಮಡಚಿದರು. ಕಿವಿಯ ಹಿಂದಿನಿಂದ ಪೆನ್ಸಿಲು ತೆಗೆದರು. “ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಬೇಕು?”

ಮರುದಿನ ಹೊಸ ಮನೆಯ ಬಾಗಿಲ ಹಿಂದೆ ಹೊಸ ಪಟ್ಟಿ ಬಂತು. ಅದರಲ್ಲಿ ಹೀಗಿತ್ತು: ಹತ್ತರಿಂದ ನಾಲ್ಕೂವರೆ, ಜಗಲಿ, ಬೀಡಿ. ದಳಿಗೆಂದು ತಂದಿದ್ದ ಮರದಲ್ಲಿ ನನಗೊಂದು ಓದುವ ಮೇಜಾಯಿತು. ಮಳೆ ಹಿಡಿದ ಮೇಲೆ ಅಮ್ಮನೂ ಒಂದು ಗೆರಸೆ ತೆಗೆದುಕೊಂಡು ಅವರ ನಡುವೆ ಕುಳಿತರು. ಸಂಜೆ ನಾನು ಶಾಲೆಯಿಂದ ಬರುವಾಗ “ಎಂತ ಓಲೆಬೆಲ್ಲ” ಎಂದು ಏಳು ಸ್ವರ ಕೇಳುತ್ತಿತ್ತು.

ಅಪ್ಪನಿಗೆ ನಾನು ಎಂದೂ ನಿಜ ಹೇಳಲಿಲ್ಲ. ಹೇಳುವ ಧೈರ್ಯ ಬರುವ ಹೊತ್ತಿಗೆ ಅವರು ಆ ಕತೆಯನ್ನು ಸುಮಾರು ನೂರು ಜನರಿಗೆ ಹೇಳಿಯಾಗಿತ್ತು. ಮನೆ ಕೊಳ್ಳುವವರು ಅವರ ಬಳಿ ಸಲಹೆಗೆ ಬರುತ್ತಿದ್ದರು. ಅವರೆದುರು ಗಿರಿಜಕ್ಕನನ್ನು ಸಾಕ್ಷಿಗೆ ಕರೆದರೆ ಅವರು ಒಮ್ಮೆಯೂ ಮುಖ ಬದಲಿಸದೆ, “ಹೌದು, ಓಲೆಬೆಲ್ಲ. ದೊಡ್ಡ ತುಂಡು” ಎನ್ನುತ್ತಿದ್ದರು. ವರ್ಷ ಹೋದ ಹಾಗೆ ತುಂಡು ದೊಡ್ಡದಾಗುತ್ತಾ ಹೋಯಿತು. ಮೊದಲು ಅಪ್ಪ ಹೋದರು, ಆಮೇಲೆ ಅಮ್ಮ. ಮೂರು ವರ್ಷದ ಹಿಂದೆ ಗಿರಿಜಕ್ಕ. ನನ್ನ ಸುಳ್ಳಿನ ವಿಷಯ ತಿಳಿದವರಲ್ಲಿ ಈ ಊರಿನಲ್ಲಿ ಉಳಿದಿದ್ದ ಕೊನೆಯವರು ಅವರೇ. ಕುಸುಮ ಮದುವೆಯಾಗಿ ಎಲ್ಲಿದ್ದಾಳೋ. ಬೀಡಿ ಕಟ್ಟುವ ಹುಡುಗಿಯರು ಈಗ ಈ ಓಣಿಯಲ್ಲಿ ಇಲ್ಲ. ಹತ್ತರಿಂದ ನಾಲ್ಕೂವರೆಯ ತನಕ ಜಗಲಿ ಖಾಲಿ. ದಳಿ ಮಾತ್ರ ನಾನು ಹಾಕಿಸಿಲ್ಲ.

ಕಳೆದ ತಿಂಗಳು ಗಿರಿಜಕ್ಕನ ಮನೆ ಮಾರಾಟಕ್ಕಿದೆ ಎಂದು ನೋಡಲು ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಹತ್ತು ಹನ್ನೊಂದರ ಮಗಳು. ಬರುವ ವಿಷಯ ಬ್ರೋಕರ್ ಹಿಂದಿನ ದಿನವೇ ಹೇಳಿದ್ದ. ನಾನು ಅಂದು ಬೆಳಿಗ್ಗೆಯೇ ಜಗಲಿ ಗುಡಿಸಿ, ಹಿತ್ತಾಳೆ ಲೋಟ ಹುಳಿ ಹಾಕಿ ಬೆಳಗಿ, ಮೂಡುಬಿದಿರೆಯಿಂದ ತರಿಸಿದ್ದ ಓಲೆಬೆಲ್ಲವನ್ನು ತಟ್ಟೆಯಲ್ಲಿಟ್ಟು ಕುಳಿತಿದ್ದೆ. ಬರುವವರು ಎಂಥವರೋ ಎಂದು ನನಗೆ ರಾತ್ರಿಯಿಂದ ನಿದ್ದೆ ಇರಲಿಲ್ಲ. ಗಂಡ ಫೋನು ಹಿಡಿದು ಗೋಡೆಗಳ ಅಳತೆ ತೆಗೆದ. ಹೆಂಡತಿ ಬೇಲಿಯ ಬಳಿ ಬಂದು, ಬೋರ್‌ವೆಲ್ಲಿನ ನೀರು ಹೇಗುಂಟು, ಕರೆಂಟು ಎಷ್ಟು ಸಲ ಹೋಗ್ತದೆ, ಹಂಚು ತೆಗೆದು ಸ್ಲ್ಯಾಬು ಹಾಕ್ಲಿಕ್ಕೆ ಗೋಡೆ ತಡೆದೀತಾ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆಗಳು. ಉತ್ತರ ಹೇಳಿದೆ. ಹೇಳಿ ತಟ್ಟೆ ಮುಂದೆ ಹಿಡಿದೆ.

“ಅಯ್ಯೋ ಬೇಡ ಆಂಟಿ, ನೀರು ಕಾರಲ್ಲಿ ಉಂಟು” ಎಂದಳು, ನಗುತ್ತಲೇ. ಮಗಳು ತನ್ನ ಬಾಟಲಿ ಎತ್ತಿ ತೋರಿಸಿದಳು. ಅವಳು ಬೆಲ್ಲದ ಕಡೆಗೆ ಒಮ್ಮೆ ನೋಡಿದಳು, ಅಮ್ಮನ ಕಡೆಗೆ ನೋಡಿದಳು, ಕಾರು ಹತ್ತಿದಳು.

ಹನ್ನೊಂದು ನಿಮಿಷ. ಅಷ್ಟರಲ್ಲಿ ಎಲ್ಲ ನೋಡಿ ಹೋದರು. ಮನೆ ಅವರಿಗೆ ಹಿಡಿಸಿತೋ ಇಲ್ಲವೋ ಬ್ರೋಕರ್ ಇನ್ನೂ ಹೇಳಿಲ್ಲ. ಹಿಡಿಸಿದರೆ ನನ್ನಿಂದಲ್ಲ, ಹಿಡಿಸದಿದ್ದರೂ ನನ್ನಿಂದಲ್ಲ. ಪಕ್ಕದ ಮನೆಯವರು ಏನು ಕೊಟ್ಟರು ಎಂದು ದಾರಿಯಲ್ಲಿ ಆ ಹುಡುಗಿಯನ್ನು ಯಾರೂ ಕೇಳಿರಲಿಕ್ಕಿಲ್ಲ.